ಮೆತ್ತಿನ ಮೆಟ್ಟಿಲಿನ ಸಂದಿ ಮುಚ್ಚಿದ್ದು: ನನ್ನ ಅನುಭವ

ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ಹಳೇ ಹೆಂಚಿನ ಮನೆ. ನಡುಮನೆಯ ಮೂಲೆಯಿಂದ ಮೆತ್ತಿಗೆ ಹತ್ತೋಕೆ ಮರದ ಮೆಟ್ಟಿಲಿದೆ. ಮಹಡಿಗೆ ನಮ್ಮ ಕಡೆ ಮೆತ್ತು ಅನ್ನುತ್ತೇವೆ. ಕೆಳಗೆ ಒಂದು ಕಲ್ಲಿನ ಮೆಟ್ಟಿಲು. ಅದರ ಮೇಲೆ ಎರಡೂ ಪಕ್ಕ ದಪ್ಪ ಹಲಗೆ, ಆ ಹಲಗೆಗಳ ಕಚ್ಚಿನಲ್ಲಿ ಕೂರಿಸಿದ ಹನ್ನೊಂದು ಹಲಸಿನ ಮೆಟ್ಟಿಲು, ಅಷ್ಟೇ. ಒಂದು ಮೆಟ್ಟಿಲಿಗೂ ಇನ್ನೊಂದಕ್ಕೂ ನಡುವೆ ಖಾಲಿ. ಹತ್ತುವಾಗ ಆ ಸಂದಿಯಿಂದ ಹಿಂದಿನ ಗೋಡೆ, ಅಕ್ಕಿ ಮೂಟೆ, ಕೊಡೆ ಎಲ್ಲ ಕಾಣುತ್ತಿತ್ತು.

ಮಗಳು ಅಂಬೆಗಾಲಿಡೋಕೆ ಶುರು ಮಾಡುವವರೆಗೆ ಇದು ತೊಂದರೆ ಅಂತ ಯಾರಿಗೂ ಅನಿಸಿರಲಿಲ್ಲ. ಅವಳಿಗೆ ಹತ್ತು ತಿಂಗಳಿದ್ದಾಗ ಒಂದು ಸಂಜೆ ನಾನು ಒಲೆ ಮುಂದೆ ಇದ್ದೆ. ಅತ್ತೆ ಕೂಗಿದ್ದು ಕೇಳಿ ಓಡಿ ಬಂದೆ. ನಾಲ್ಕನೇ ಮೆಟ್ಟಿಲಲ್ಲಿ ಮಗುವಿನ ಒಂದು ಕಾಲು ತೊಡೆಯವರೆಗೂ ಸಂದಿಯಲ್ಲಿ ಇಳಿದುಹೋಗಿತ್ತು. ಅತ್ತೆ ಅವಳ ಅಂಗಿ ಹಿಡಿದು ನಿಂತಿದ್ದರು, ಅವರ ಕೈ ನಡುಗುತ್ತಿತ್ತು. ಏನೂ ಆಗಲಿಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಎದ್ದು ಟೇಪು ಹಿಡಿದು ಸಂದಿ ಅಳೆದೆ. ಆರೂವರೆ ಇಂಚು, ಅಂದರೆ 165 ಮಿ.ಮೀ. ಆ ವಯಸ್ಸಿನ ಮಗು ತಲೆಸಮೇತ ತೂರಿಹೋಗುವಷ್ಟು ಜಾಗ. ನನ್ನ ತಮ್ಮ ಇಂಗ್ಲೆಂಡಿನಲ್ಲಿದ್ದಾನೆ. ಅಲ್ಲಿನ ಕಟ್ಟಡ ನಿಯಮದ ಪ್ರಕಾರ ಮನೆಯ ಮೆಟ್ಟಿಲಿನ ಸಂದಿಯಲ್ಲಿ 100 ಮಿ.ಮೀ. ಅಗಲದ ಚೆಂಡು ತೂರಬಾರದು ಅಂತ ಅವನೇ ಹೇಳಿದ. ನಮ್ಮ ಮೆಟ್ಟಿಲು ಕಟ್ಟಿದ ಕಾಲದಲ್ಲಿ ಅದನ್ನೆಲ್ಲ ಯಾರು ನೋಡುತ್ತಿದ್ದರು.

ತವರಿನಲ್ಲಿ ಅಪ್ಪ ಮರಗೆಲಸ ಮಾಡುತ್ತಿದ್ದರು. ಹಾಗಾಗಿ ಗರಗಸ, ಉಳಿ, ಡ್ರಿಲ್ಲು ಹಿಡಿಯೋದು ನನಗೆ ರೂಢಿ. ನಾನೇ ಮುಚ್ಚುತ್ತೇನೆ ಅಂದೆ. ಅಡಿಕೆ ಕೆಲಸ ಮುಗಿದು ಮನೆಯಲ್ಲಿ ಪುರುಸೊತ್ತು ಇತ್ತು, ಏಪ್ರಿಲ್ ತಿಂಗಳು.

ಮೊದಲ ಸಲ ಮಾಡಿದ್ದು ತಪ್ಪಾಯಿತು. ಅದನ್ನೇ ಮೊದಲು ಹೇಳುತ್ತೇನೆ, ಯಾಕಂದರೆ ಬೇರೆಯವರೂ ಹೀಗೇ ಶುರು ಮಾಡೋದು ಜಾಸ್ತಿ. ಮೆತ್ತಿನಲ್ಲಿ ಮುಕ್ಕಾಲು ಇಂಚು ದಪ್ಪದ ಹಳೇ ಹಲಸಿನ ಹಲಗೆಗಳಿದ್ದವು. ಅವನ್ನು ಸಂದಿಯ ಅಳತೆಗೆ ಕೊಯ್ದು, ಮೆಟ್ಟಿಲಿನ ಮೇಲೆ ಹಿಂದಿನ ಅಂಚಿಗೆ ಸರಿಯಾಗಿ ನಿಲ್ಲಿಸಿ ಸ್ಕ್ರೂ ಹೊಡೆದೆ. ಕೆಳಗಿನ ಐದು ಸಂದಿ ಒಂದೇ ದಿನದಲ್ಲಿ ಮುಚ್ಚಿದವು. ನೋಡೋಕೆ ತುಂಬಾ ಚೆನ್ನಾಗಿತ್ತು. ಮೂರನೇ ದಿನ ನಮ್ಮನೆಯವರು ಮೇಲಿಂದ ಇಳಿಯುವಾಗ ಹಿಮ್ಮಡಿ ಹಲಗೆಗೆ ತಾಗಿ, ಪಾದ ಮುಂದಕ್ಕೆ ಜಾರಿ, ಎರಡು ಮೆಟ್ಟಿಲು ಕೆಳಗೆ ಹೋಗಿ ಕೂತರು. ಕೈಯಲ್ಲಿ ಕಾಫಿ ಲೋಟ ಇತ್ತು, ಪುಣ್ಯಕ್ಕೆ ಖಾಲಿ.

ಆಮೇಲೆ ಕೂತು ಲೆಕ್ಕ ಹಾಕಿದೆ. ನಮ್ಮ ಮೆಟ್ಟಿಲು ಕಡಿದು. ಎತ್ತರ ಎಂಟು ಇಂಚು, ಪಾದ ಇಡುವ ಅಗಲ ಒಂಬತ್ತೇ ಇಂಚು. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ ಮನೆಯ ಮೆಟ್ಟಿಲಿಗೆ ಕನಿಷ್ಠ 250 ಮಿ.ಮೀ. ಅಗಲ ಇರಬೇಕು, ಎತ್ತರ 190 ಮೀರಬಾರದು ಅನ್ನುತ್ತದೆ. ನಮ್ಮದು ಸುಮಾರು 228 ಅಗಲ, 203 ಎತ್ತರ. ನಮ್ಮನೆಯವರ ಪಾದವೇ ಹತ್ತೂವರೆ ಇಂಚು. ಇಷ್ಟು ವರ್ಷ ಎಲ್ಲರೂ ಆರಾಮಾಗಿ ಹತ್ತಿ ಇಳಿದಿದ್ದು ಯಾಕೆ ಅಂದರೆ, ಹತ್ತುವಾಗ ಬೆರಳಿನ ತುದಿ, ಇಳಿಯುವಾಗ ಹಿಮ್ಮಡಿ, ಆ ಖಾಲಿ ಸಂದಿಯೊಳಗೆ ಹೋಗುತ್ತಿತ್ತು. ನಾನು ಮುಕ್ಕಾಲು ಇಂಚಿನ ಹಲಗೆಯನ್ನು ಮೆಟ್ಟಿಲ ಮೇಲೇ ನಿಲ್ಲಿಸಿ, ಮೊದಲೇ ಕಮ್ಮಿ ಇದ್ದ ಜಾಗವನ್ನು ಎಂಟೂಕಾಲು ಇಂಚಿಗೆ ಇಳಿಸಿದ್ದೆ. ಮಗು ಬೀಳಬಾರದು ಅಂತ ಮಾಡಿದ ಕೆಲಸಕ್ಕೆ ದೊಡ್ಡವರು ಬೀಳುವ ಹಾಗಾಗಿತ್ತು.

ಊರಿನಲ್ಲಿ ಮರಗೆಲಸ ಮಾಡುವ ಹಿರಿಯ ಆಚಾರ್ರನ್ನು ಕರೆಸಿ ತೋರಿಸಿದೆ. ಅವರು ಏನೂ ಮಾತಾಡದೆ ನಾಲ್ಕು ಸಲ ಹತ್ತಿ ಇಳಿದರು. "ಅಮ್ಮಾ, ಮುಚ್ಚೋದು ಸುಲಭ. ಕಾಲು ಎಲ್ಲಿಗೆ ಹೋಗ್ತದೆ ನೋಡ್ಕೊಂಡು ಮುಚ್ಚಬೇಕು. ಹಿಂದಿನಿಂದ ಹೊಡೀರಿ" ಅಂದರು. ಅದೇ ಸರಿಯಾದ ದಾರಿ. ಹಲಗೆ ಮೆಟ್ಟಿಲಿನ ಮೇಲೆ ನಿಲ್ಲಬಾರದು, ಮೆಟ್ಟಿಲಿನ ಹಿಂದಿನ ದಪ್ಪಕ್ಕೆ ಬೆನ್ನು ಕೊಟ್ಟ ಹಾಗೆ ಹೊರಗಡೆಯಿಂದ ಕೂರಬೇಕು. ನಮ್ಮಲ್ಲಿ ಮೇಲಿನ ಮೆಟ್ಟಿಲು ಕೆಳಗಿನದರ ಮೇಲೆ ಒಂದಿಂಚು ಚಾಚಿಕೊಂಡಿದೆ. ಹಾಗಾಗಿ ಹಿಂದಿನಿಂದ ಕೂರಿಸಿದರೆ ಒಂಬತ್ತು ಇಂಚಿಗೆ ಒಂಬತ್ತೂ ಉಳಿಯುತ್ತದೆ. ಆ ಒಂದಿಂಚು ಚಾಚಿನ ಕೆಳಗೆ ಬೆರಳಿಗೂ ಜಾಗ ಸಿಗುತ್ತದೆ.

ಈ ಸಲ ಮೊದಲು ರಟ್ಟು ಕಟ್ಟಿದೆ. ಅಂಗಡಿಯಿಂದ ತಂದ ದೊಡ್ಡ ಪೆಟ್ಟಿಗೆ ಒಡೆದು, ಪ್ರತಿ ಸಂದಿಗೂ ಹಿಂದಿನಿಂದ ರಟ್ಟು ಅಂಟಿಸಿ ಎಂಟು ದಿನ ಹಾಗೇ ಬಿಟ್ಟೆವು. ಅತ್ತೆ, ನಮ್ಮನೆಯವರು, ಕೆಲಸಕ್ಕೆ ಬರುವವರು, ಅಡಿಕೆ ಚೀಲ ಹೊತ್ತು ಹತ್ತುವವರು, ಎಲ್ಲ ಓಡಾಡಿದರು. ಯಾರ ಕಾಲು ಎಲ್ಲಿ ತಾಗುತ್ತದೆ ಅಂತ ರಟ್ಟಿನ ಮೇಲಿನ ಗುರುತೇ ಹೇಳುತ್ತದೆ. ಒಂಬತ್ತನೆಯದರಲ್ಲಿ ಮಾತ್ರ ರಟ್ಟು ಜಜ್ಜಿಹೋಗಿತ್ತು. ನೋಡಿದರೆ ಆ ಮೆಟ್ಟಿಲು ಹಳೆಯದಾಗಿ ಸ್ವಲ್ಪ ಮುಂದಕ್ಕೆ ಬಾಗಿತ್ತು. ಅದಕ್ಕೆ ಹಿಂದಿನಿಂದ ಕಾಲು ಇಂಚಿನ ಪಟ್ಟಿ ಕೊಟ್ಟು ಹಲಗೆಯನ್ನು ಇನ್ನಷ್ಟು ಹಿಂದೆ ತಳ್ಳಿದೆ. ಈ ರಟ್ಟಿನ ಪರೀಕ್ಷೆಗೆ ಒಂದು ರೂಪಾಯಿ ಖರ್ಚಿಲ್ಲ, ದಯವಿಟ್ಟು ಮಾಡಿ.

ಹಲಗೆಗೆ ಪ್ಲೈವುಡ್ ತಂದೆ. 12 ಮಿ.ಮೀ. ದಪ್ಪ, ಐಎಸ್ 710 ಗುರುತಿರುವ, ನೀರು ತಡೆಯುವ ಜಾತಿ. ಮಲೆನಾಡಿನ ಮಳೆಗಾಲಕ್ಕೆ ಅಗ್ಗದ ಪ್ಲೈವುಡ್ ಪದರ ಬಿಟ್ಟುಕೊಳ್ಳುತ್ತದೆ, ಅಲ್ಲಿ ಉಳಿಸೋಕೆ ಹೋಗಬೇಡಿ. ಎಂಟು ನಾಲ್ಕರ ಒಂದೇ ಶೀಟ್ ಸಾಕಾಯಿತು. ನಮ್ಮ ಮೆಟ್ಟಿಲು ಎರಡೂವರೆ ಅಡಿ ಅಗಲ, ಹಲಗೆಯ ಎತ್ತರ ಸಂದಿ ಮತ್ತು ಕೆಳಗಿನ ಮೆಟ್ಟಿಲಿನ ದಪ್ಪ ಸೇರಿ ಎಂಟು ಇಂಚು. ಹಾಗಾಗಿ ಉದ್ದಕ್ಕೆ ಮೂರು, ಅಡ್ಡಕ್ಕೆ ಆರು, ಒಟ್ಟು ಹದಿನೆಂಟು ತುಂಡು ಬಂತು. ಬೇಕಾಗಿದ್ದು ಹತ್ತು. ಉಳಿದದ್ದರಲ್ಲಿ ಮೂರು ಹಾಳಾದವು.

ಹಾಳಾಗಿದ್ದು ಯಾಕೆ ಅಂದರೆ, ಎಲ್ಲ ಸಂದಿಯೂ ಒಂದೇ ಅಳತೆ ಅಂದುಕೊಂಡು ಮೊದಲು ಮೂರನ್ನು ಒಟ್ಟಿಗೆ ಕೊಯ್ದೆ. ಹಳೇ ಮನೆಯಲ್ಲಿ ಯಾವುದೂ ಮೂಲೆಮಟ್ಟಕ್ಕೆ ಇರುವುದಿಲ್ಲ. ಏಳನೆಯ ಹಲಗೆಗೆ ಎಡಗಡೆ ಎಂಟು ಇಂಚು ಬೇಕು, ಬಲಗಡೆ ಏಳು ಮುಕ್ಕಾಲು. ಆಮೇಲೆ ಪ್ರತಿಯೊಂದಕ್ಕೂ ರಟ್ಟಿನಲ್ಲೇ ಅಚ್ಚು ತೆಗೆದು, ಅದರ ಮೇಲೆ ಪೆನ್ಸಿಲಿನಲ್ಲಿ ನಂಬರು ಬರೆದು, ಮೇಲು ಕೆಳಗೆ ಎಡ ಬಲ ಗುರುತು ಹಾಕಿ, ಅದನ್ನು ಪ್ಲೈವುಡ್ ಮೇಲಿಟ್ಟು ಕೊಯ್ದೆ. ಮೇಲಿನ ಅಂಚಿಗೆ ಎರಡು ಮಿ.ಮೀ. ಕಮ್ಮಿ ಬಿಟ್ಟೆ. ಹಲಸಿನ ಮೆಟ್ಟಿಲು ಮಳೆಗಾಲದಲ್ಲಿ ಉಬ್ಬುತ್ತದೆ, ಉಬ್ಬೋಕೆ ಜಾಗ ಬೇಕು.

ಕೂರಿಸುವ ಕೆಲಸ ಹೀಗೆ. ಮೇಲಿನ ಮೆಟ್ಟಿಲಿನ ಅಡಿಗೆ ಒಂದಿಂಚಿನ ಚೌಕದ ರೀಪು, ಅಂದರೆ ಮರದ ಪಟ್ಟಿ, ಫೆವಿಕಾಲ್ ಹಚ್ಚಿ ಕೆಳಗಿನಿಂದ ಸ್ಕ್ರೂ ಹೊಡೆಯಬೇಕು. ಇಲ್ಲಿ ಎರಡಿಂಚಿನ ಸ್ಕ್ರೂ ಸರಿ. ಮೆಟ್ಟಿಲಿನ ದಪ್ಪ ಒಂದೂವರೆ ಇಂಚು, ರೀಪು ಒಂದಿಂಚು, ಎರಡೂವರೆ ಇಂಚಿನದು ಹೊಡೆದರೆ ಮೊನೆ ಮೇಲೆ ಬಂದು ಯಾರದಾದರೂ ಅಂಗಾಲಿಗೆ ಚುಚ್ಚುತ್ತದೆ. ಆಮೇಲೆ ಹಲಗೆಯನ್ನು ಮೇಲೆ ಆ ರೀಪಿಗೆ ಮೂರು ಕಡೆ, ಕೆಳಗೆ ಮೆಟ್ಟಿಲಿನ ಹಿಂದಿನ ದಪ್ಪಕ್ಕೆ ನಾಲ್ಕು ಕಡೆ ಬಿಗಿದೆ. ಹಲಸು ಹಳೆಯದಾದಷ್ಟೂ ಗಟ್ಟಿ. ನೇರ ಸ್ಕ್ರೂ ಹೊಡೆದರೆ ಕುತ್ತಿಗೆ ಮುರಿದು ಒಳಗೇ ಉಳಿಯುತ್ತದೆ, ನನಗೆ ಎರಡು ಹಾಗಾಯಿತು. ಡ್ರಿಲ್ಲಿಗೆ ಮೂರು ಮಿ.ಮೀ. ದಪ್ಪದ ಕೊರೆಯುವ ಮೊನೆ ಹಾಕಿ ಮೊದಲು ತೂತು ಕೊರೆದು, ಸ್ಕ್ರೂವಿನ ತುದಿಯನ್ನು ಬಟ್ಟೆ ಸೋಪಿಗೆ ಒಂದು ಸಲ ತಿಕ್ಕಿ ಹಾಕಿದ ಮೇಲೆ ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು.

ಹಲಗೆಗೆ ಮಾತ್ರ ಅಂಟು ಹಾಕಲಿಲ್ಲ, ಬರೀ ಸ್ಕ್ರೂ. ಇದಕ್ಕೆ ಕಾರಣ ಇದೆ. ಹಳೇ ಮೆಟ್ಟಿಲಿನ ಹಿಂದೆ ಮಲಗಿ ಟಾರ್ಚ್ ಬಿಟ್ಟು ನೋಡುವಾಗ ಆರನೆಯದರ ಕಚ್ಚಿನಲ್ಲಿ ಕುಟ್ಟೆ, ಅಂದರೆ ಮರ ಕೊರೆಯುವ ಹುಳ, ಹಿಡಿದಿದ್ದು ಕಂಡಿತು, ಹಿಟ್ಟಿನ ಹಾಗೆ ನಯವಾದ ಹಳದಿ ಪುಡಿ, ಬೆರಳಲ್ಲಿ ಒತ್ತಿದರೆ ಹಾರುತ್ತಿತ್ತು. ಇಷ್ಟು ವರ್ಷ ತೆರೆದಿದ್ದಕ್ಕೆ ಕಣ್ಣಿಗೆ ಬಿತ್ತು. ಅಂಟು ಹಾಕಿ ಶಾಶ್ವತವಾಗಿ ಮುಚ್ಚಿಬಿಟ್ಟರೆ ಒಳಗೆ ಏನಾಗುತ್ತಿದೆ ಅಂತ ಗೊತ್ತೇ ಆಗುವುದಿಲ್ಲ, ಅಲ್ವಾ? ಆ ಜಾಗವನ್ನು ಉಳಿಯಿಂದ ಕೆರೆದು, ಉಪ್ಪು ಕಾಗದ ಹಾಕಿ ತಿಕ್ಕಿ, ಹಿಂಭಾಗಕ್ಕೆಲ್ಲ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿದೆ. ಗೇರೆಣ್ಣೆ ಮೈಗೆ ತಾಗಿದರೆ ಗುಳ್ಳೆ ಏಳುತ್ತದೆ, ಕೈಗವಸು ಬೇಕೇ ಬೇಕು. ಮಗು ಮುಟ್ಟುವ ಮುಂಭಾಗಕ್ಕೆ ಒಂದು ಹನಿಯೂ ತಾಗಿಸಲಿಲ್ಲ. ಅದು ಪೂರ್ತಿ ಒಣಗುವವರೆಗೆ ಮಗಳನ್ನು ಕರೆದುಕೊಂಡು ತವರಿಗೆ ಹೋಗಿದ್ದೆ.

ಕೆಳಗಿನ ಎರಡು ಸಂದಿಗೆ ಹಿಂದಿನಿಂದ ಡ್ರಿಲ್ಲು ತೂರಲಿಲ್ಲ, ಅಷ್ಟು ಇಕ್ಕಟ್ಟು. ಅಲ್ಲಿ ಮೊದಲು ಹಾಕಿದ್ದ ಹಲಸಿನ ಹಲಗೆಯನ್ನೇ ಬಿಟ್ಟೆ, ದಪ್ಪ ಮಾತ್ರ ಕೀಸಿ ಅರ್ಧ ಇಂಚಿಗೆ ಇಳಿಸಿದೆ. ಏಪ್ರಿಲಿನ ಒಣ ಹವೆಯಲ್ಲಿ ಬಿಗಿಯಾಗಿ ಕೊಯ್ದ ಹಲಗೆ ಅವು. ಜುಲೈ ಬಂದಾಗ ಉಬ್ಬಿ, ಹೊಟ್ಟೆ ಮುಂದೆ ಬಂದು, ಕಾಲಿಟ್ಟರೆ ಕಿರ್ ಅನ್ನೋಕೆ ಶುರುವಾಯಿತು. ಬಿಚ್ಚಿ ಮೇಲಿನ ಅಂಚು ಕೀಸಿ ಮತ್ತೆ ಹಾಕಬೇಕಾಯಿತು. ಮರ ಉದ್ದಕ್ಕೆ ಹೆಚ್ಚುಕಮ್ಮಿ ಅಲ್ಲಾಡುವುದೇ ಇಲ್ಲ, ಅಗಲಕ್ಕೆ ಮಾತ್ರ ಹಿಗ್ಗಿ ಕುಗ್ಗುತ್ತದೆ. ನಮ್ಮ ಸಂದಿಯಲ್ಲಿ ಆ ಅಗಲವೇ ಎತ್ತರವಾಗಿ ನಿಂತಿರುತ್ತದೆ. ಪ್ಲೈವುಡ್ಡಿನ ಹತ್ತೂ ಹಲಗೆ ಮಳೆಗಾಲ ಪೂರ್ತಿ ಹಾಗೇ ಇದ್ದವು. ಎಲ್ಲದರ ಮೇಲಂಚಿಗೂ ಮೇಣದ ಬತ್ತಿ ತಿಕ್ಕಿದ್ದೆ, ಸದ್ದೂ ಇಲ್ಲ. ಹಿಂದೆಲ್ಲ ರಾತ್ರಿ ಯಾರಾದರೂ ಮೆತ್ತಿಗೆ ಹೋದರೆ ಮನೆಯವರೆಲ್ಲ ಏಳುವಷ್ಟು ಕಿರುಗುಟ್ಟುತ್ತಿದ್ದ ಮೆಟ್ಟಿಲು ಈಗ ಗಟ್ಟಿಯಾಗಿ ನಿಂತಿದೆ, ಯಾಕಂದರೆ ಹಿಂದಿನ ಹಲಗೆ ಪ್ರತಿ ಮೆಟ್ಟಿಲಿಗೂ ನಡುವಿನಲ್ಲಿ ಆಸರೆ ಕೊಡುತ್ತದೆ. ಇದು ನಾನು ನಿರೀಕ್ಷೆ ಮಾಡದ ಲಾಭ.

ಬಣ್ಣದ ವಿಷಯಕ್ಕೆ ಅತ್ತೆ ಹೇಳಿದ್ದೇ ಸರಿಯಾಯಿತು. ನಾನು ಎಲ್ಲದಕ್ಕೂ ಒಂದೇ ವಾರ್ನಿಶ್ ಹೊಡೆಯುವವಳಿದ್ದೆ. ಅವರಿಗೆ ಒಂದು ಕಣ್ಣಿಗೆ ಪೊರೆ ಬಂದಿದೆ. "ಎಲ್ಲಾ ಒಂದೇ ಬಣ್ಣ ಆದ್ರೆ ನಂಗೆ ಮೆಟ್ಟಿಲು ಎಲ್ಲಿ ಮುಗೀತದೆ ಗೊತ್ತಾಗಲ್ಲ ಮಾರಾಯ್ತಿ" ಅಂದರು. ನಿಂತ ಹಲಗೆಗಳಿಗೆಲ್ಲ ತಿಳಿ ಕೆನೆ ಬಣ್ಣ ಹೊಡೆದೆ, ಕಾಲಿಡುವ ಮೆಟ್ಟಿಲು ಹಲಸಿನ ಬಣ್ಣದಲ್ಲೇ ಇದೆ. ಮೇಲಿನ ಗಾಜಿನ ಹೆಂಚಿನಿಂದ ಬೀಳುವ ಬೆಳಕು ಕೆನೆ ಬಣ್ಣಕ್ಕೆ ತಾಗಿ ಆ ಮೂಲೆ ಮೊದಲಿಗಿಂತ ಬೆಳಕಾಗಿದೆ. ಅತ್ತೆ ಈಗ ಕೈತಾಂಗು ಹಿಡಿಯದೇ ಇಳಿಯುತ್ತೇನೆ ಅನ್ನುತ್ತಾರೆ, ನಾನು ಬಿಡುವುದಿಲ್ಲ.

ಇನ್ನೊಂದು ತಪ್ಪು ಮಳೆಗಾಲದಲ್ಲಿ ಗೊತ್ತಾಯಿತು. ಮೆಟ್ಟಿಲಿನ ಅಡಿ ಅಚ್ಚುಕಟ್ಟಾಗಲಿ ಅಂತ ಪಕ್ಕವನ್ನೂ ಮುಚ್ಚಿ, ಬಾಗಿಲಿಟ್ಟು ಕಪಾಟು ಮಾಡಿದ್ದೆ. ಆಷಾಢದಲ್ಲಿ ಒಂದು ದಿನ ಬಾಗಿಲು ತೆಗೆದರೆ ಹಸಿ ವಾಸನೆ ಮುಖಕ್ಕೆ ಹೊಡೆಯಿತು. ಗೋಣಿಚೀಲ, ಚಪ್ಪಲಿ, ಕೊಡೆಯ ಹಿಡಿ, ಎಲ್ಲಕ್ಕೂ ಬಿಳಿ ಬೂಷ್ಟು. ಮೊದಲು ಸಂದಿಗಳಿಂದ ಗಾಳಿ ಆಡುತ್ತಿತ್ತು, ಈಗ ಎಲ್ಲ ಕಡೆ ಮುಚ್ಚಿದ್ದೆ. ಅವತ್ತೇ ಪಕ್ಕದ ಹಲಗೆ ಕಿತ್ತೆ. ಅಲ್ಲಿಗೆ ಅಡಿಕೆ ಮರದ ಕಾಂಡದಿಂದ ದಬ್ಬೆ ಸೀಳಿಸಿ, ಒಂದೊಂದು ಇಂಚು ಸಂದು ಬಿಟ್ಟು ಉದ್ದಕ್ಕೆ ಹೊಡೆದೆ. ದಬ್ಬೆಯ ಸಿಬಿರು ಬಹಳ ಕೆಟ್ಟದ್ದು, ಕಣ್ಣಿಗೆ ಕಾಣದ ಹಾಗೆ ಚರ್ಮದೊಳಗೆ ಹೊಕ್ಕು ಎರಡು ದಿನ ಉರಿಯುತ್ತದೆ. ಹಾಗಾಗಿ ಪ್ರತಿ ದಬ್ಬೆಯ ಅಂಚನ್ನೂ ಕೀಸಿ, ಉಪ್ಪು ಕಾಗದ ಹಾಕಿ, ಹಳೇ ಸೀರೆಯ ತುಂಡು ಎಳೆದು ನೋಡಿದೆ. ಬಟ್ಟೆ ಎಲ್ಲೂ ಸಿಕ್ಕಿಕೊಳ್ಳದಿದ್ದರೆ ಮಗುವಿನ ಕೈಗೂ ತೊಂದರೆ ಇಲ್ಲ. ಆಮೇಲೆ ಬೂಷ್ಟು ಬರಲಿಲ್ಲ.

ಎರಡು ವಾರದ ಕೆಲಸ, ಅದೂ ಮಧ್ಯಾಹ್ನ ಮಗಳು ಮಲಗಿದ ಹೊತ್ತಿನಲ್ಲಿ. ಖರ್ಚಿನಲ್ಲಿ ದೊಡ್ಡದು ಪ್ಲೈವುಡ್ಡೇ, ಶೀಟಿಗೆ ಮೂರು ಸಾವಿರದ ಮೇಲಾಯಿತು. ಅತ್ತೆ ಈಗ ಮೆಟ್ಟಿಲಿನ ಪಕ್ಕದಲ್ಲೇ ಕೂತು ಅಕ್ಕಿ ಆರಿಸುತ್ತಾರೆ, ಮೇಲೆ ಓಡಾಡುವವರ ಕಾಲಿನ ಮಣ್ಣು ಮೊರಕ್ಕೆ ಉದುರುವುದಿಲ್ಲ. ಮಗಳು ನಾಲ್ಕನೇ ಮೆಟ್ಟಿಲಿನಲ್ಲಿ ಕೂತು ಹಿಂದಿನ ಕೆನೆ ಹಲಗೆಗೆ ಒರಗಿಕೊಂಡು ಅವರ ಜೊತೆ ಮಾತಾಡುತ್ತಿರುತ್ತಾಳೆ.

ಈ ವರ್ಷ ಮಳೆ ಹಿಡಿಯುವ ಮೊದಲು ಆರನೆಯ ಹಲಗೆ ಬಿಚ್ಚಿ ನೋಡಿದೆ. ಏಳು ಸ್ಕ್ರೂ, ಹತ್ತು ನಿಮಿಷದ ಕೆಲಸ. ಟಾರ್ಚ್ ಬಿಟ್ಟು ಕಚ್ಚಿನ ಸುತ್ತ ಬೆರಳಾಡಿಸಿದೆ. ಪುಡಿ ಇರಲಿಲ್ಲ, ಮರ ಒಣಗಿತ್ತು. ಮೇಲಂಚಿಗೆ ಇನ್ನೊಂದು ಸಲ ಮೇಣ ತಿಕ್ಕಿ ತಿರುಗಿ ಬಿಗಿದೆ.