ಲೈಸೆನ್ಸ್ ಇದ್ದವರ ವೈರಿಂಗ್ ಕೆಟ್ಟರೆ ದೂರು ಕೊಡುವುದು ಹೇಗೆ?

ಹೊಸ ಮನೆಯ ಫ್ರಿಜ್ ಮುಟ್ಟಿದರೆ ಜುಮ್ಮೆನ್ನುತ್ತದೆ, ಗೀಸರ್ ಹಾಕಿದೊಡನೆ ಎಂಸಿಬಿ (ಮಿತಿಮೀರಿ ಕರೆಂಟ್ ಹರಿದರೆ ತಾನೇ ಆಫ್ ಆಗುವ ಸ್ವಿಚ್) ಬೀಳುತ್ತದೆ ಎಂದಾಗ ಹೆಚ್ಚಿನವರು ಸಹಾಯವಾಣಿ 1912ಕ್ಕೆ ಕರೆ ಮಾಡಿ ಎಸ್ಕಾಂ (ವಿದ್ಯುತ್ ಸರಬರಾಜು ಕಂಪನಿ) ಮೇಲೆ ರೇಗುತ್ತಾರೆ. ಮರುದಿನ ಇನ್ನೊಬ್ಬರನ್ನು ಕರೆಸಿ ಎಲ್ಲವನ್ನೂ ಬಿಚ್ಚಿಸುತ್ತಾರೆ. ಮೀಟರಿನಿಂದ ಒಳಗಿನ ವೈರಿಂಗ್ ಎಸ್ಕಾಂನ ಹೊಣೆಯಲ್ಲವಾದ್ದರಿಂದ ಕರೆ ವ್ಯರ್ಥ. ಬಿಚ್ಚಿಸುವುದಂತೂ ದೂರಿನ ಬುಡವನ್ನೇ ಕಡಿಯುತ್ತದೆ. ಮೊದಲು ದೋಷವಿರುವ ಸರ್ಕ್ಯೂಟ್‌ನ ಎಂಸಿಬಿ ಇಳಿಸಿ, ಹಾಗೆಯೇ ಬಿಡಿ.

ಮುಂದಿನ ಪ್ರಶ್ನೆ, ದೂರು ಯಾರ ಮೇಲೆ ಎಂಬುದು. ಕರ್ನಾಟಕದಲ್ಲಿ ಮನೆಯ ವೈರಿಂಗನ್ನು ಲೈಸೆನ್ಸ್ ಹೊಂದಿದ ವಿದ್ಯುತ್ ಗುತ್ತಿಗೆದಾರರು ಮಾಡಿಸಬೇಕು, ಸಂಪರ್ಕ ಪಡೆಯಲು ಅವರು ಸಹಿ ಮಾಡಿದ ಕಂಪ್ಲೀಷನ್ ರಿಪೋರ್ಟನ್ನು (ಕೆಲಸ ಮುಗಿದ ವರದಿ) ಎಸ್ಕಾಂಗೆ ಸಲ್ಲಿಸಬೇಕು. ಆದರೆ ಗೋಡೆ ಕೊರೆದವರು ಒಬ್ಬರು, ಮನೆಯನ್ನೇ ನೋಡದೆ ಸಹಿ ಹಾಕಿದವರು ಮತ್ತೊಬ್ಬರು ಆಗಿರುವುದುಂಟು. ಕಾಗದದಲ್ಲಿ ಉತ್ತರದಾಯಿ ಸಹಿ ಹಾಕಿದವರೇ. ಆ ವರದಿಯ ಪ್ರತಿ ನಿಮ್ಮ ಬಳಿ ಇಲ್ಲವಾದರೆ ಎಸ್ಕಾಂನ ಉಪವಿಭಾಗ ಕಚೇರಿಯಲ್ಲಿ ಕೇಳಿ, ಕೊಡದಿದ್ದರೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ.

ದೂರುಗಳು ಬಿದ್ದುಹೋಗುವುದು ಸಾಕ್ಷ್ಯದ ಹಂತದಲ್ಲಿ. 'ಕೆಲಸ ಸರಿಯಿಲ್ಲ' ಎಂದು ಬರೆದರೆ ಅಧಿಕಾರಿಗಳಿಗೆ ಹಿಡಿತ ಸಿಗುವುದಿಲ್ಲ. ಯಾವ ಕೋಣೆಯ ಯಾವ ಪಾಯಿಂಟ್‌ನಲ್ಲಿ ಯಾವ ದೋಷವಿದೆ ಎಂದು ಹೇಳಬೇಕು. ಅದಕ್ಕಾಗಿ ಮೊದಲನೆಯವರ ಸಂಬಂಧವಿಲ್ಲದ ಇನ್ನೊಬ್ಬ ಲೈಸೆನ್ಸ್‌ದಾರರಿಂದ ಪರೀಕ್ಷೆ ಮಾಡಿಸಿ. 500 ವೋಲ್ಟ್ ಮೆಗ್ಗರ್‌ನಲ್ಲಿ (ಇನ್ಸುಲೇಷನ್ ಅಳೆಯುವ ಉಪಕರಣ) ವೈರಿನ ಇನ್ಸುಲೇಷನ್ ಪ್ರತಿರೋಧ ಒಂದು ಮೆಗಾಓಮ್‌ಗಿಂತ ಕೆಳಗಿದೆಯೇ, ಅರ್ತ್ ಪ್ರತಿರೋಧ ಎಷ್ಟು, 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಸಂಪರ್ಕ ಕಡಿಯುವ ಸ್ವಿಚ್) ಪರೀಕ್ಷಾ ಉಪಕರಣದಿಂದ ಪರೀಕ್ಷಿಸಿದಾಗಲೂ ಬೀಳುತ್ತದೆಯೇ ಎಂಬುದನ್ನು ಅಳೆದು, ಅಂಕಿಗಳನ್ನು ಅವರು ತಮ್ಮ ಲೈಸೆನ್ಸ್ ಸಂಖ್ಯೆ, ದಿನಾಂಕ, ಸಹಿಯೊಂದಿಗೆ ಬರೆದುಕೊಡಬೇಕು. ಅರ್ತ್ ವೈರ್ ಎಳೆಯುವ ಶ್ರಮ ಉಳಿಸಲು ನ್ಯೂಟ್ರಲ್‌ನಿಂದಲೇ ತುಂಡು ವೈರ್ ತಂದು ಅರ್ತ್ ಪಿನ್ನಿಗೆ ಸಿಕ್ಕಿಸುವ ಕಳ್ಳದಾರಿ ತೀರಾ ಅಪಾಯಕಾರಿ. ನ್ಯೂಟ್ರಲ್ ಕಡಿದರೆ ಉಪಕರಣದ ಲೋಹದ ಮೈಗೆ 230 ವೋಲ್ಟ್ ಬರುತ್ತದೆ. ಮೂರು ದೀಪದ ಅಗ್ಗದ ಸಾಕೆಟ್ ಟೆಸ್ಟರ್ ಇಂಥ ಕಡೆಯೂ 'ಸರಿ' ಎಂದೇ ತೋರಿಸುವುದರಿಂದ ಅದನ್ನು ನಂಬಲೇಬೇಡಿ. ಮೇನ್ ಇಳಿಸಿ ಸ್ವಿಚ್ ಬೋರ್ಡಿನ ಪ್ಲೇಟ್ ಬಿಚ್ಚಿಸಿ ಫೋಟೊ ತೆಗೆಯಿರಿ. ವೈರಿನ ಮೇಲೆ ಮುದ್ರಿತವಾದ ಅಳತೆ, ಐಎಸ್ 694 (ವೈರ್‌ಗಳ ಭಾರತೀಯ ಮಾನಕ) ಗುರುತೂ ಫೋಟೊದಲ್ಲಿ ಕಾಣಬೇಕು: ಗೀಸರ್‌ಗೆ 4 ಚದರ ಮಿಲಿಮೀಟರ್‌ಗೆ ಹಣ ಪಡೆದು 1.5 ಎಳೆದಿದ್ದರೆ ಬಿಲ್ ಪಕ್ಕದಲ್ಲಿಟ್ಟರೆ ಸಾಕು. ಜಿಎಸ್‌ಟಿ ಉಳಿಸಲು ಬಿಲ್ ಬೇಡವೆಂದವರಿಗೆ ಈ ಅನುಕೂಲವಿಲ್ಲ.

ಆಮೇಲೆ ಗುತ್ತಿಗೆದಾರರಿಗೆ ವರದಿಯ ಪ್ರತಿಯೊಂದಿಗೆ, 15 ದಿನಗಳಲ್ಲಿ ಸರಿಪಡಿಸಬೇಕೆಂದು ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಕಳಿಸಿ. ವಾಟ್ಸಾಪ್ ಸಂದೇಶ ಪೂರಕವಷ್ಟೇ.

ಉತ್ತರ ಬಾರದಿದ್ದರೆ ದಾರಿ ಎರಡಾಗುತ್ತದೆ. ಲೈಸೆನ್ಸ್ ಮೇಲೆ ಕ್ರಮವಾಗಬೇಕಾದರೆ ದೂರು ಹೋಗಬೇಕಾದದ್ದು ರಾಜ್ಯ ಸರ್ಕಾರದ ವಿದ್ಯುತ್ ಪರಿವೀಕ್ಷಣಾಲಯಕ್ಕೆ. ಅಲ್ಲಿ ಗುತ್ತಿಗೆದಾರರ ವಿವರಣೆ ಕೇಳಿ, ತಪ್ಪು ಸಾಬೀತಾದರೆ ಲೈಸೆನ್ಸ್ ಅಮಾನತು ಅಥವಾ ರದ್ದು ಮಾಡಲು ಸಾಧ್ಯ. ಆದರೆ ನಿಮ್ಮ ಹಣ ಅಲ್ಲಿಂದ ವಾಪಸಾಗದು. ಹಣ ಮತ್ತು ಪರಿಹಾರಕ್ಕೆ ಜಿಲ್ಲಾ ಗ್ರಾಹಕರ ಆಯೋಗಕ್ಕೇ ಹೋಗಬೇಕು: 2019ರ ಗ್ರಾಹಕ ರಕ್ಷಣಾ ಕಾಯ್ದೆಯಂತೆ ನೀವು ವಾಸವಿರುವ ಜಿಲ್ಲೆಯಲ್ಲೇ, ಕಾರಣ ಉಂಟಾದ ಎರಡು ವರ್ಷದೊಳಗೆ ದೂರು ಸಲ್ಲಿಸಬಹುದು, ಕೆಲಸಕ್ಕೆ ಕೊಟ್ಟ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಬಿಲ್ಡರ್ ಮೂಲಕ ಆದ ಕೆಲಸವಾದರೆ ಬಿಲ್ಡರನ್ನೂ ಎದುರುದಾರರನ್ನಾಗಿಸಿ. ಎರಡೂ ಅರ್ಜಿಗಳನ್ನು ಒಟ್ಟಿಗೇ ಹಾಕುವುದು ಮೇಲು, ಏಕೆಂದರೆ ಪರಿವೀಕ್ಷಕರ ವರದಿ ಬಂದರೆ ಆಯೋಗದ ಮುಂದೆ ಅದಕ್ಕೆ ತೂಕ ಹೆಚ್ಚು.

ಯಾರಿಗಾದರೂ ಶಾಕ್‌ನಿಂದ ಗಾಯ ಅಥವಾ ಸಾವು ಸಂಭವಿಸಿದ್ದರೆ ಮಾತ್ರ ಈ ಸರದಿಯನ್ನು ಕಾಯಬೇಡಿ; ವಿದ್ಯುತ್ ಕಾಯ್ದೆ 2003ರ 161ನೇ ಕಲಮಿನಡಿ ಇಂಥ ಅಪಘಾತಗಳ ವಿಚಾರಣೆ ನಡೆಯುವುದರಿಂದ, ಪರಿವೀಕ್ಷಕರಿಗೂ ಪೊಲೀಸರಿಗೂ ಕೂಡಲೇ ತಿಳಿಸಿ, ಅವರು ಬಂದು ನೋಡುವವರೆಗೆ ಸುಟ್ಟ ಬೋರ್ಡನ್ನು ಕೀಳಿಸದಿರಿ.