ಹಳೇ ಸ್ಪೆಕ್ಟ್ರಂಗೆ ಜೀವ: ಮೊದಲು ಮೀಟರ್, ಆಮೇಲೆ ಟಿ.ವಿ.

ಗುಜರಿಯಲ್ಲೋ ಅಟ್ಟದ ಮೇಲೋ ಕಾಮನಬಿಲ್ಲಿನ ಪಟ್ಟಿಯಿರುವ ಕಪ್ಪು ಕೀಬೋರ್ಡ್ ಸಿಕ್ಕಿದರೆ ಎಸೆಯಬೇಡಿ. ಅದು ಬ್ರಿಟನ್ನಿನ ಸಿಂಕ್ಲೇರ್ ಕಂಪನಿ 1982ರಲ್ಲಿ ಬಿಟ್ಟ ಝಡ್‌ಎಕ್ಸ್ ಸ್ಪೆಕ್ಟ್ರಂ ಎಂಬ, ಟಿ.ವಿ.ಗೆ ಜೋಡಿಸುವ ಮನೆಬಳಕೆಯ ಕಂಪ್ಯೂಟರ್ ಇರಬಹುದು. ರಬ್ಬರಿನ ಬದಲು ಗಟ್ಟಿ ಕೀಲಿಗಳಿದ್ದರೆ ಸ್ಪೆಕ್ಟ್ರಂ ಪ್ಲಸ್. ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಕಂಪನಿ ಇದನ್ನೇ 'ಡಿಬಿ ಸ್ಪೆಕ್ಟ್ರಂ ಪ್ಲಸ್' ಹೆಸರಿನಲ್ಲಿ ನಮ್ಮಲ್ಲಿ ಮಾರುಕಟ್ಟೆಗೆ ತಂದಿತು.

ಸಿಕ್ಕ ಖುಷಿಯಲ್ಲಿ ಮನೆಯಲ್ಲಿರುವ ಯಾವುದೋ ಅಡಾಪ್ಟರ್ ಚುಚ್ಚಿದರೆ ಕೆಲಸ ಕೆಟ್ಟಿತು. ಇದಕ್ಕೆ ಬೇಕಿರುವುದು 9 ವೋಲ್ಟ್ ಡಿ.ಸಿ., ಪಿನ್ನಿನ ನಡುಭಾಗ ಮೈನಸ್. ಈಗಿನ ಅಡಾಪ್ಟರುಗಳಲ್ಲಿ ಸಾಮಾನ್ಯವಾಗಿ ನಡುಭಾಗ ಪ್ಲಸ್ ಇರುತ್ತದೆ. ಗಿಟಾರ್ ಪೆಡಲ್‌ಗೆ ಬರುವ ಅಡಾಪ್ಟರಿನಲ್ಲಿ ನಡುಭಾಗ ಮೈನಸ್ಸೇ, ಆದರೆ ಹಲವಕ್ಕೆ ಸಾಕಷ್ಟು ಆಂಪಿಯರ್ ಇರುವುದಿಲ್ಲ. ಒಂದೂವರೆಯಿಂದ 2 ಆಂಪಿಯರಿನದು ತನ್ನಿ.

ಕೆಳಗಿನ ಸ್ಕ್ರೂ ಬಿಚ್ಚಿ ಮೇಲಿನ ಮುಚ್ಚಳವನ್ನು ಮೆಲ್ಲಗೆ ಎತ್ತಿ. ಅದರಿಂದ ಬೋರ್ಡಿಗೆ ಎರಡು ತೆಳು ಪ್ಲಾಸ್ಟಿಕ್ ಪಟ್ಟಿ ಇಳಿದಿರುತ್ತವೆ. ನೇರ ಮೇಲಕ್ಕೆ ಎಳೆದು ಬಿಡಿಸಿ. ವಯಸ್ಸಾದ ಪಟ್ಟಿ ಹಪ್ಪಳದಂತೆ ಮುರಿಯುತ್ತದೆ. ಒಂದೇ ಸಾಲಿನ ಹಲವು ಕೀಲಿ ಒಟ್ಟಿಗೆ ಸತ್ತಿದ್ದರೆ ಕಾರಣ ಇದೇ. ಅಂಟಿಸುವ ಪ್ರಯತ್ನ ವ್ಯರ್ಥ, ಹೊಸ ಮೆಂಬ್ರೇನ್ (ಕೀಲಿಗಳ ಕೆಳಗಿನ, ಈ ಪಟ್ಟಿಗಳೂ ಸೇರಿದ ತೆಳು ಹಾಳೆ) ಹಾಕಿ. ರಬ್ಬರ್ ಕೀಲಿಯದಕ್ಕೂ ಪ್ಲಸ್‌ಗೂ ಬೇರೆ ಬೇರೆ ಮೆಂಬ್ರೇನ್, ಕೊಳ್ಳುವಾಗ ನೋಡಿಕೊಳ್ಳಿ.

ಇನ್ನು ಮುಖ್ಯ ಕೆಲಸ. ಬೋರ್ಡಿನಲ್ಲಿ 4116 ಜಾತಿಯ 8 ಮೆಮೊರಿ ಚಿಪ್ಪುಗಳಿವೆ. ಪವರ್ ಕೊಟ್ಟು, ಮಲ್ಟಿಮೀಟರಿನ ಕಪ್ಪು ತಂತಿಯನ್ನು ಒಂದು ಚಿಪ್ಪಿನ 16ನೇ ಕಾಲಿಗೆ (ಪಿನ್ನಿಗೆ) ಇಟ್ಟು ಅಳೆಯಿರಿ: 1ನೇ ಕಾಲಿನಲ್ಲಿ ಮೈನಸ್ 5, 8ರಲ್ಲಿ 12, 9ರಲ್ಲಿ 5 ವೋಲ್ಟ್ ಸಿಗಬೇಕು. 5 ವೋಲ್ಟ್ ಇಲ್ಲದಿದ್ದರೆ ಆ 5 ವೋಲ್ಟನ್ನು ಕೊಡುವ 7805 ರೆಗ್ಯುಲೇಟರನ್ನು ಅನುಮಾನಿಸಿ. ಅದಿದ್ದೂ ಉಳಿದೆರಡು ಇಲ್ಲದಿದ್ದರೆ ಬೋರ್ಡಿನ ಟಿಆರ್4 (TR4) ಎಂಬ ಟ್ರಾನ್ಸಿಸ್ಟರ್ ಸುಟ್ಟಿರುವ ಸಂಭವ ಹೆಚ್ಚು. ತಕ್ಷಣ ಪವರ್ ತೆಗೆಯಿರಿ: ಮೈನಸ್ 5 ಇಲ್ಲದೆ ಓಡಿದರೆ 4116 ಚಿಪ್ಪುಗಳೇ ಸಾಯುತ್ತವೆ. ಟಿಆರ್4 ಬದಲಿಸಿ ಸುಮ್ಮನಾಗಬೇಡಿ. ಶಾರ್ಟ್ ಆದ ಚಿಪ್ ಉಳಿದಿದ್ದರೆ ಹೊಸದೂ ಸುಡುತ್ತದೆ. ಪವರ್ ಇಲ್ಲದಾಗ 8 ಮತ್ತು 16ನೇ ಕಾಲಿನ ನಡುವೆ ಕೆಲವೇ ಓಮ್ ತೋರಿಸಿದರೆ ಚಿಪ್ಪುಗಳನ್ನು ಒಂದೊಂದಾಗಿ ತೆಗೆದು ಕಳ್ಳನನ್ನು ಹಿಡಿಯಬೇಕು. ಆ ಜಾಗಕ್ಕೆ ಸಾಕೆಟ್ ಹಾಕಿ.

ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳನ್ನೂ ಬದಲಿಸಿ, 25 ವೋಲ್ಟಿನವು ಸಾಕು. ತೆಗೆಯುವ ಮುನ್ನ ಫೋಟೋ ಹೊಡೆದಿಟ್ಟುಕೊಳ್ಳಿ.

ಹಳೆಯ ಆಂಟೆನಾ ಸಿಗ್ನಲ್ಲಿಗಿಂತ ಟಿ.ವಿ.ಯ ಎ.ವಿ. ಸಾಕೆಟ್ಟಿಗೆ ಕೊಡುವ ಕಾಂಪೋಸಿಟ್ ವಿಡಿಯೊ ಎಷ್ಟೋ ಸ್ಪಷ್ಟ. ಆ ಆಂಟೆನಾ ಸಿಗ್ನಲ್ ಮಾಡುವ ತಗಡಿನ ಡಬ್ಬಿಗೆ (ಮಾಡ್ಯುಲೇಟರಿಗೆ) ಹೊರಗಿನಿಂದ ಎರಡು ತಂತಿ ಬರುತ್ತವೆ. 5 ವೋಲ್ಟಿನದನ್ನು ಬಿಡಿಸಿ ಟೇಪ್ ಸುತ್ತಿ. ವಿಡಿಯೊ ತಂತಿಯನ್ನು, ಒಳಗಿನ ಸರ್ಕ್ಯೂಟ್ ಕಡಿದು, ಸಾಕೆಟ್ಟಿನ ನಡುಪಿನ್ನಿಗೆ ಬೆಸುಗೆ ಹಾಕಿ.

ಪರದೆಯಲ್ಲಿ 1982ರ ಹಕ್ಕುಸ್ವಾಮ್ಯದ ಸಾಲು ಬಂದರೆ ಗೆದ್ದಂತೆ. ಆಟಕ್ಕೆ ಕ್ಯಾಸೆಟ್ ಬೇಕಿಲ್ಲ: ಟೇಪ್ ಫೈಲನ್ನು (ಕ್ಯಾಸೆಟ್ಟಿನ ಡಿಜಿಟಲ್ ಪ್ರತಿ) ವೇವ್ ಎಂಬ ಧ್ವನಿ ಫೈಲಾಗಿ ಬದಲಿಸಿ, ಫೋನನ್ನು ಇಯರ್ ಸಾಕೆಟ್ಟಿಗೆ ಜೋಡಿಸಿ. ಜೆ ಕೀಲಿ, ಆಮೇಲೆ ಸಿಂಬಲ್ ಶಿಫ್ಟ್ ಹಿಡಿದು ಎರಡು ಸಲ ಪಿ, ಎಂಟರ್ ಒತ್ತಿ, ಫೋನಿನಲ್ಲಿ ಫೈಲ್ ಓಡಿಸಿ. ಅಂಚಿನಲ್ಲಿ ಮೊದಲು ಕೆಂಪು-ತಿಳಿನೀಲಿ, ಆಮೇಲೆ ಹಳದಿ-ನೀಲಿ ಗೆರೆ ಓಡಬೇಕು. ಓಡದಿದ್ದರೆ ಫೋನಿನ ಧ್ವನಿ ಏರಿಸಿ. ಏರೋಪ್ಲೇನ್ ಮೋಡ್‌ನಲ್ಲಿಡಿ, ನಡುವೆ ಮೆಸೇಜಿನ ಸದ್ದು ಬಂದರೆ ಐದು ನಿಮಿಷದ ಲೋಡಿಂಗ್ ಮತ್ತೆ ಮೊದಲಿನಿಂದ.

ಇದಕ್ಕೆ ಸ್ವಿಚ್ ಇಲ್ಲ. ಹಿಂಬದಿಯ ಕನೆಕ್ಟರಿಗೆ ಜಾಯ್‌ಸ್ಟಿಕ್ ಜೋಡಿಸುವ ಮೊದಲೂ ತೆಗೆಯುವ ಮೊದಲೂ ಪವರ್ ಪ್ಲಗ್ ಕಿತ್ತಿಡಿ. ಪಿನ್ನುಗಳು ಅಕ್ಕಪಕ್ಕಕ್ಕೆ ತಾಗಿದರೆ ಮತ್ತೆ ಅದೇ ಟಿಆರ್4.