ರೇಸ್ ಕೊಟ್ಟರೆ ಕುಂಯ್ ಅನ್ನುತ್ತಿದ್ದ ನನ್ನ ಕಾರ್ ಸ್ಟೀರಿಯೊ

ಡ್ಯಾಶ್‌ಬೋರ್ಡಿನಲ್ಲಿ ಹೊಸ ಹೆಡ್ ಯೂನಿಟ್, ಅಂದರೆ ಸ್ಟೀರಿಯೊ, ಸೀಟಿನ ಕೆಳಗೆ ಸದ್ದನ್ನು ದೊಡ್ಡದು ಮಾಡುವ ನಾಲ್ಕು ಚಾನೆಲ್‌ನ ಒಂದು ಆಂಪ್, ನಾಲ್ಕು ಬಾಗಿಲಿಗೂ ಹೊಸ ಸ್ಪೀಕರ್. ಎಲ್ಲವನ್ನೂ ನಾನೇ ಕೂರಿಸಿದ್ದೆ. ಬೆಳಿಗ್ಗೆ ಶುರು ಮಾಡಿದ ಕೆಲಸ, ಸಂಜೆ ಹೊತ್ತಿಗೆ ಹಾಡು ಬಂತು. ಎಂಜಿನ್ ಆಫ್ ಇಟ್ಟು ಕೇಳಿದೆ, ಸೊಗಸಾಗಿತ್ತು. ಅದೇ ಖುಷಿಯಲ್ಲಿ ಎಂಜಿನ್ ಸ್ಟಾರ್ಟ್ ಮಾಡಿದೆ. ಹಾಡಿನ ಜೊತೆಗೆ ಒಂದು ಸೊಳ್ಳೆಯೂ ಸೇರಿಕೊಂಡಿತು. ಸಣ್ಣಗೆ 'ಕುಂಯ್' ಅನ್ನುವ ಸದ್ದು. ರೇಸ್ ಕೊಟ್ಟರೆ ಅದರ ಶ್ರುತಿ ಏರುತ್ತಿತ್ತು, ಕಾಲು ತೆಗೆದರೆ ಇಳಿಯುತ್ತಿತ್ತು. ಪಕ್ಕದಲ್ಲಿ ಕೂತಿದ್ದ ತಮ್ಮ, 'ಇದೇನು, ಎಂಜಿನ್ನೂ ಹಾಡ್ತಿದೆಯಲ್ಲಾ' ಅಂದ.

ಆ ದಿನ ಇನ್ನೊಂದು ಸಣ್ಣ ಘಟನೆ ನಡೆದಿತ್ತು. ಮೊದಲ ಸಲ ಕೀ ತಿರುಗಿಸಿದಾಗ ಆಂಪ್‌ನ ದೀಪ ಒಮ್ಮೆ ಹತ್ತಿ ಆರಿತು. ನೋಡಿದರೆ ಆಂಪನ್ನು ಕಾರಿನ ಬಾಡಿಗೆ ಸೇರಿಸುವ ಅರ್ತ್ ವೈರಿನ ನಟ್ಟನ್ನು ನಾನು ಬಿಗಿ ಮಾಡಿಯೇ ಇರಲಿಲ್ಲ, ವೈರಿನ ತುದಿಯ ಲೋಹದ ಲಗ್ ಸಡಿಲವಾಗಿ ನೇತಾಡುತ್ತಿತ್ತು. ಬಿಗಿ ಮಾಡಿದೆ, ದೀಪ ನಿಂತಿತು, ಅಲ್ಲಿಗೆ ಮರೆತೆ. ಮರೆಯಬಾರದಿತ್ತು.

ಈ ಸದ್ದು ಎಲ್ಲಿಂದ ಹುಟ್ಟುತ್ತದೆ ಅನ್ನುವುದು ಕಷ್ಟದ ಪ್ರಶ್ನೆಯಲ್ಲ. ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಮೂರು ಫೇಸ್‌ನ ಎಸಿ ಕರೆಂಟ್ ಮಾಡುತ್ತದೆ. ಒಳಗಿರುವ ಡಯೋಡುಗಳು ಅದನ್ನು ಡಿಸಿ ಮಾಡುತ್ತವೆ. ಆದರೆ ಆ ಡಿಸಿ ನುಣುಪಾಗಿರುವುದಿಲ್ಲ, ಮೇಲೆ ಸಣ್ಣ ಅಲೆಗಳು ಉಳಿದಿರುತ್ತವೆ. ಸಾಮಾನ್ಯವಾಗಿ ಕಾಣುವ 12 ಪೋಲ್‌ನ ಆಲ್ಟರ್ನೇಟರ್ ಒಂದು ಸುತ್ತು ತಿರುಗಿದರೆ ಅಂಥ ಅಲೆ 36. ಎಂಜಿನ್ 800 ಆರ್‌ಪಿಎಂನಲ್ಲಿ ಇದ್ದು, ಪುಲ್ಲಿಯ ಲೆಕ್ಕದಲ್ಲಿ ಆಲ್ಟರ್ನೇಟರ್ ಅದರ ಎರಡೂವರೆ ಪಟ್ಟು ತಿರುಗುತ್ತಿದೆ ಅಂದುಕೊಳ್ಳಿ. ಸೆಕೆಂಡಿಗೆ ಸುಮಾರು 33 ಸುತ್ತು, ಅಂದರೆ 1200 ಹರ್ಟ್ಸ್. ಎಂಜಿನ್ 2000 ಆರ್‌ಪಿಎಂಗೆ ಬಂದರೆ 3000 ಹರ್ಟ್ಸ್. ನಮ್ಮ ಕಿವಿ ಅತಿ ಚುರುಕಾಗಿರುವುದು ಸರಿಯಾಗಿ ಅಲ್ಲೇ, 2000ದಿಂದ 5000 ಹರ್ಟ್ಸ್ ನಡುವೆ. ಹಾಗಾಗಿ ಸದ್ದು ಎಷ್ಟೇ ಸಣ್ಣದಿದ್ದರೂ ಗಾಡಿ ಓಡುವಾಗ ತಲೆಗೆ ಹತ್ತುತ್ತದೆ.

ಹುಟ್ಟುವುದು ಎಲ್ಲ ಕಾರಿನಲ್ಲೂ ಹುಟ್ಟುತ್ತದೆ. ಒಳಗೆ ಎಲ್ಲಿಂದ ನುಗ್ಗುತ್ತಿದೆ ಅನ್ನುವುದನ್ನು ಹಿಡಿಯಬೇಕು. ನಾನು ಹಿಡಿಯಲು ಹೋಗಲಿಲ್ಲ, ಊಹಿಸಲು ಹೋದೆ.

ಮೊದಲ ಊಹೆ, ಪವರ್ ಲೈನಿನಲ್ಲಿ ಬರುತ್ತಿರಬೇಕು ಅಂತ. ಒಂದು ನಾಯ್ಸ್ ಫಿಲ್ಟರ್ ತಂದು ಹೆಡ್ ಯೂನಿಟ್‌ನ 12 ವೋಲ್ಟ್ ವೈರಿಗೆ ಹಾಕಿದೆ. ಡ್ಯಾಶ್‌ಬೋರ್ಡ್ ಬಿಚ್ಚಿದೆ, ಹಾಕಿದೆ, ಎರಡು ಕ್ಲಿಪ್ ಮುರಿದೆ. ಸದ್ದು ಹಾಗೇ ಇತ್ತು. ಎರಡನೇ ಊಹೆ, ಹೆಡ್ ಯೂನಿಟ್‌ನಿಂದ ಆಂಪ್‌ಗೆ ಹಾಡಿನ ಸಿಗ್ನಲ್ ಒಯ್ಯುವ ಆರ್‌ಸಿಎ ಕೇಬಲ್ಲೂ ಬ್ಯಾಟರಿಯಿಂದ ಬರುವ ದಪ್ಪ ವೈರೂ ಒಂದೇ ಬದಿಯಲ್ಲಿ ಜೊತೆಜೊತೆಗೆ ಓಡುತ್ತಿವೆ, ಅದಕ್ಕೇ ಅಂತ. ಎರಡು ಸಂಜೆ ಕೂತು ಕಾರ್ಪೆಟ್ ಎತ್ತಿ, ಆರ್‌ಸಿಎಯನ್ನು ಇನ್ನೊಂದು ಬದಿಗೆ ಎಳೆದೆ. ಹಾಗೆ ಎಳೆಯುವುದು ಒಳ್ಳೆಯ ಅಭ್ಯಾಸವೇ. ಆದರೆ ನನ್ನ ಕುಂಯ್‌ಗೂ ಅದಕ್ಕೂ ಸಂಬಂಧ ಇರಲಿಲ್ಲ.

ಮೂರನೇ ಸಂಜೆ ಸ್ಕ್ರೂಡ್ರೈವರ್ ಕೆಳಗಿಟ್ಟು ಸುಮ್ನೆ ಕೂತು ಕೇಳತೊಡಗಿದೆ. ಕಾರು ತೆರೆದ ಜಾಗದಲ್ಲಿ ನಿಲ್ಲಿಸಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ತಮ್ಮನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದೆ. 'ನಾನು ಅಂದಾಗ ರೇಸ್ ಕೊಡು, ಅಷ್ಟೇ' ಅಂದೆ.

ಎಂಜಿನ್ ಆಫ್ ಮಾಡಿ ಕೀ ಮಾತ್ರ ಆನ್ ಇಟ್ಟರೆ ಸದ್ದಿಲ್ಲ. ಅಂದರೆ ಮೂಲ ಆಲ್ಟರ್ನೇಟರೇ. ರೇಸ್ ಜೊತೆ ಏರುವುದು ಕುಂಯ್ ಆಗಿರದೆ ಟಿಕ್‌ಟಿಕ್ ಆಗಿದ್ದರೆ ಸ್ಪಾರ್ಕ್ ಪ್ಲಗ್ ಕಡೆ ನೋಡಬೇಕಿತ್ತು. ಹಾಗಿರಲಿಲ್ಲ. ಮಲ್ಟಿಮೀಟರನ್ನು ಎಸಿಗೆ ಇಟ್ಟು ಬ್ಯಾಟರಿಯ ಎರಡು ತುದಿಗೆ ಹಿಡಿದೆ, ಸುಮಾರು 30 ಮಿಲಿವೋಲ್ಟ್ ತೋರಿಸಿತು. ಅದು ಅರ್ಧ ವೋಲ್ಟ್ ಹತ್ತಿರ ಹೋಗಿದ್ದರೆ ಡಯೋಡ್ ಕೆಟ್ಟಿದೆಯಾ ಅಂತ ನೋಡಬೇಕಿತ್ತು. ಆಲ್ಟರ್ನೇಟರ್ ಪಾಪ, ಸರಿಯಾಗಿಯೇ ಇತ್ತು.

ಆಮೇಲೆ ವಾಲ್ಯೂಮ್. ಸೊನ್ನೆಗೆ ಇಳಿಸಿದೆ, ಕುಂಯ್ ಅಷ್ಟೇ ಇತ್ತು. ಏರಿಸಿದೆ, ಆಗಲೂ ಅಷ್ಟೇ. ಈ ಒಂದು ಪರೀಕ್ಷೆಯನ್ನು ಮೊದಲ ದಿನವೇ ಮಾಡಿದ್ದರೆ ಫಿಲ್ಟರ್‌ನ ದುಡ್ಡು ಉಳಿಯುತ್ತಿತ್ತೋ ಏನೋ. ವಾಲ್ಯೂಮ್ ಜೊತೆ ಸದ್ದು ಏರಿಳಿದರೆ ಅದು ವಾಲ್ಯೂಮ್ ಕಂಟ್ರೋಲ್‌ಗಿಂತ ಮೊದಲು, ಅಂದರೆ ರೇಡಿಯೊ ಭಾಗದಲ್ಲೋ ಫೋನ್ ಚುಚ್ಚುವ ಆಕ್ಸ್‌ನಲ್ಲೋ ನುಗ್ಗುತ್ತಿದೆ. ಏರಿಳಿಯದಿದ್ದರೆ ಅದರ ನಂತರ. ಸುಮ್ನೆ ಇರಲಿ ಅಂತ ಹಿಂದಿನಿಂದ ಆಂಟೆನಾ ವೈರನ್ನೂ ಕಿತ್ತು ನೋಡಿದೆ, ವ್ಯತ್ಯಾಸ ಆಗಲಿಲ್ಲ.

ಇನ್ನು ಆಂಪ್ ಕಡೆಗೆ. ಆಫ್ ಮಾಡಿ, ಆಂಪ್‌ನಿಂದ ಆರ್‌ಸಿಎ ಪಿನ್‌ಗಳನ್ನು ಕಿತ್ತೆ. ಹಳೆಯ ಎರಡು ಆರ್‌ಸಿಎ ಪಿನ್ ತೆಗೆದುಕೊಂಡು ಒಳಗಿನ ಕಡ್ಡಿಗೂ ಹೊರಗಿನ ಬಳೆಗೂ ಸೋಲ್ಡರ್ ಹಾಕಿ ಒಂದು ಮಾಡಿದೆ. ಇದನ್ನು ಆಂಪ್‌ನ ಇನ್‌ಪುಟ್‌ಗೆ ಚುಚ್ಚಿದರೆ ಆಂಪ್‌ಗೆ ಕೇಳಿಸುವುದು ಬರೀ ಮೌನ. ಎಂಜಿನ್ ಸ್ಟಾರ್ಟ್ ಮಾಡಿಸಿದೆ, ರೇಸ್ ಕೊಡಿಸಿದೆ. ಸ್ಪೀಕರ್ ಹತ್ತಿರ ಕಿವಿ ಇಟ್ಟರೂ ಏನೂ ಇಲ್ಲ. ಆಂಪ್, ಅದರ ಪವರ್ ವೈರ್, ಸ್ಪೀಕರ್ ವೈರ್, ಮೂರೂ ಒಂದೇ ಏಟಿಗೆ ನಿರ್ದೋಷಿ.

ಮುಂದೆ ಅದೇ ತಂತ್ರ ಕೇಬಲ್ಲಿನ ಇನ್ನೊಂದು ತುದಿಯಲ್ಲಿ. ಆರ್‌ಸಿಎ ಕೇಬಲ್ಲನ್ನು ಆಂಪ್‌ಗೆ ಹಾಕಿ, ಡ್ಯಾಶ್‌ಬೋರ್ಡ್ ಕಡೆಯ ತುದಿಯನ್ನು ಹೆಡ್ ಯೂನಿಟ್‌ನಿಂದ ಬಿಡಿಸಿ, ಅಲ್ಲಿ ಕಡ್ಡಿ ಮತ್ತು ಬಳೆಯನ್ನು ಸೇರಿಸಿದೆ. ತುದಿ ಯಾವ ಲೋಹಕ್ಕೂ ತಾಗದಂತೆ ಗಾಳಿಯಲ್ಲಿ ಹಿಡಿದೆ. ಮೌನ. ಕೇಬಲ್ ದಾರಿಯಲ್ಲಿ ಏನನ್ನೂ ಹೀರಿಕೊಳ್ಳುತ್ತಿಲ್ಲ. ಎರಡು ಸಂಜೆಯ ಕಾರ್ಪೆಟ್ ಕೆಲಸ ನೆನಪಾಗಿ ನಗು ಬಂತು. ಆಮೇಲೆ ಅದೇ ಬಳೆಯನ್ನು ಹೆಡ್ ಯೂನಿಟ್‌ನ ಲೋಹದ ಮೈಗೆ ಮುಟ್ಟಿಸಿದೆ. ಬಂತು ಕುಂಯ್! ತುಂಬ ಸಣ್ಣಗೆ, ಆದರೆ ಬಂತು. ಮುಟ್ಟಿಸಿದರೆ ಇದೆ, ತೆಗೆದರೆ ಇಲ್ಲ.

ಇದಕ್ಕೇ ಗ್ರೌಂಡ್ ಲೂಪ್ ಅನ್ನುವುದು. ಹೆಡ್ ಯೂನಿಟ್‌ನ ಅರ್ತ್ ಡ್ಯಾಶ್‌ಬೋರ್ಡ್ ಹಿಂದೆ, ಆಂಪ್‌ನ ಅರ್ತ್ ಸೀಟಿನ ಹತ್ತಿರ. ಎರಡೂ ಕಾರಿನ ಬಾಡಿಯೇ, ಹಾಗಾಗಿ ಒಂದೇ ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಎಲ್ಲೋ ಒಂದು ಜೋಡಣೆ ಸರಿಯಿಲ್ಲದಿದ್ದರೆ ಎರಡರ ನಡುವೆ ಸ್ವಲ್ಪ ವೋಲ್ಟೇಜ್ ಉಳಿಯುತ್ತದೆ, ಆಲ್ಟರ್ನೇಟರ್‌ನ ಅಲೆಗಳೂ ಅದರಲ್ಲಿರುತ್ತವೆ. ಆರ್‌ಸಿಎಯ ಹೊರ ಜಾಲರಿ ಆ ಎರಡು ಜಾಗವನ್ನು ಸೇರಿಸುತ್ತದೆ. ಕರೆಂಟು ಅದರೊಳಗೆ ಹರಿಯುತ್ತದೆ, ಆಂಪ್ ಅದನ್ನೂ ಹಾಡು ಅಂದುಕೊಂಡು ದೊಡ್ಡದು ಮಾಡುತ್ತದೆ.

ಸಣ್ಣಗೆ ಬಂತು ಅಂದೆನಲ್ಲ, ಹೆಡ್ ಯೂನಿಟ್‌ಗೆ ಚುಚ್ಚಿದಾಗ ಬರುತ್ತಿದ್ದ ಸದ್ದು ಅದಕ್ಕಿಂತ ಎಷ್ಟೋ ಜಾಸ್ತಿ. ಆ ವ್ಯತ್ಯಾಸ ಕಿವಿಗೆ ಬಿದ್ದಿತ್ತು. ತಲೆಗೆ ಹೋಗಲಿಲ್ಲ. ಅರ್ತ್ ಸಿಕ್ಕಿತು ಅನ್ನುವ ಉತ್ಸಾಹದಲ್ಲಿದ್ದೆ.

ಆಂಪ್‌ನ ಅರ್ತನ್ನು ನಾನು ಹಾಕಿದ್ದು ಸೀಟಿನ ಬೋಲ್ಟಿಗೆ. ಕೈಗೆ ಸಿಗುತ್ತದೆ, ದಪ್ಪಗಿದೆ ಅನ್ನುವ ಕಾರಣಕ್ಕೆ. ಅನುಮಾನ ಬಂದು ಹಿಂದೊಮ್ಮೆ ಮೀಟರನ್ನು ಓಮ್ಸ್‌ಗೆ ಇಟ್ಟು ಅಳೆದಿದ್ದೆ. 0.3 ತೋರಿಸಿತ್ತು. ಮೀಟರಿನ ಎರಡು ಪ್ರೋಬ್‌ಗಳನ್ನು ಒಂದಕ್ಕೊಂದು ಮುಟ್ಟಿಸಿದರೂ 0.3 ಬರುತ್ತಿತ್ತು, ಹಾಗಾಗಿ ಅರ್ತ್ ಪಕ್ಕಾ ಅಂದುಕೊಂಡಿದ್ದೆ. ಮೋಸ ಹೋಗಿದ್ದು ಇಲ್ಲೇ. ಆಂಪ್ ಹದಿನೆಂಟು ಇಪ್ಪತ್ತು ಆಂಪಿಯರ್ ಎಳೆಯುವಾಗ 0.02 ಓಮ್ ಕೂಡ ದೊಡ್ಡದೇ. ಅಷ್ಟು ಸಣ್ಣದನ್ನು ಕೈಮೀಟರ್ ತೋರಿಸುವುದೇ ಇಲ್ಲ. ಕೆಲಸ ಮಾಡುತ್ತಿರುವಾಗ ಎಷ್ಟು ವೋಲ್ಟ್ ಬೀಳುತ್ತದೆ ಅಂತಲೇ ನೋಡಬೇಕು. ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟೆ. ಒಂದು ಪ್ರೋಬ್ ಆಂಪ್‌ನ ಅರ್ತ್ ಟರ್ಮಿನಲ್ಲಿಗೆ, ಇನ್ನೊಂದು ಉದ್ದ ವೈರ್ ಸೇರಿಸಿ ಬ್ಯಾಟರಿಯ ನೆಗೆಟಿವ್‌ಗೆ. ಎಂಜಿನ್ ಆನ್, ಹಾಡು ಜೋರಾಗಿ. ಡ್ರಮ್ ಬಿದ್ದಾಗಲೆಲ್ಲ ಮೀಟರ್ 0.35 ವೋಲ್ಟ್‌ವರೆಗೆ ನೆಗೆಯುತ್ತಿತ್ತು.

ಬ್ಯಾಟರಿಯ ನೆಗೆಟಿವ್ ಕಳಚಿ, ಸ್ವಲ್ಪ ಹೊತ್ತು ಬಿಟ್ಟು, ಬೋಲ್ಟ್ ಬಿಚ್ಚಿದೆ. ಸೀಟಿನ ಕೆಳಗೆ ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗ್ ವೈರಿಂಗು, ಅದಕ್ಕೆ ಕೈ ಹಾಕಬೇಡಿ. ಬೋಲ್ಟಿನ ಕೆಳಗೆ ನುಣ್ಣನೆಯ ಪೇಂಟು, ಎಳೆಗಳಲ್ಲಿ ಸಡಿಲವಾಗದಂತೆ ಹಾಕಿದ್ದ ಅಂಟು. ಕರೆಂಟು ಹೇಗೋ ಸಂದಿಯಲ್ಲಿ ನುಸುಳಿಕೊಂಡು ಹೋಗುತ್ತಿತ್ತು. ಸೀಟು, ಬೆಲ್ಟುಗಳ ಬೋಲ್ಟನ್ನು ಅರ್ತ್‌ಗೆ ಬಳಸುವುದು ಸುರಕ್ಷತೆ ದೃಷ್ಟಿಯಿಂದಲೂ ಸರಿಯಲ್ಲ. ಅದನ್ನು ಇದ್ದ ಹಾಗೇ ಬಿಗಿ ಮಾಡಿ, ಪಕ್ಕದಲ್ಲಿ ಬಾಡಿಯ ದಪ್ಪ ತಗಡು ಹುಡುಕಿದೆ. ತೂತು ಹೊಡೆಯುವ ಮೊದಲು ಕಾರಿನ ಕೆಳಗೆ ಮಲಗಿ, ಆ ಜಾಗದಲ್ಲಿ ಪೆಟ್ರೋಲ್ ಪೈಪಾಗಲಿ ಬ್ರೇಕ್ ಪೈಪಾಗಲಿ ಇಲ್ಲ ಅಂತ ಖಾತ್ರಿ ಮಾಡಿಕೊಂಡೆ. ಎಮರಿ ಪೇಪರಿನಲ್ಲಿ ಪೇಂಟ್ ಉಜ್ಜಿ ಬೆಳ್ಳಗೆ ಹೊಳೆಯುವ ತನಕ ಬಿಡಲಿಲ್ಲ. ಲಗ್, ಹಲ್ಲು ಇರುವ ವಾಷರ್, ನಟ್-ಬೋಲ್ಟ್. ತುಕ್ಕು ಹಿಡಿಯದಂತೆ ಮೇಲೆ ಗ್ರೀಸ್. ವೈರ್ ಒಂದು ಅಡಿಗಿಂತ ಉದ್ದ ಇಲ್ಲ, ಪವರ್ ವೈರಿನಷ್ಟೇ ದಪ್ಪ. ಮತ್ತೆ ಅಳೆದೆ, 0.06.

ಕುಂಯ್ ಅರ್ಧಕ್ಕಿಂತ ಕಡಿಮೆಯಾಯಿತು. ಹೋಗಲಿಲ್ಲ.

ಈ ಹಂತದಲ್ಲೇ ಎಷ್ಟೋ ಜನ ಐಸೊಲೇಟರ್ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ನನಗೂ ಆಸೆಯಾಯಿತು. ಅದರೊಳಗೆ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತದೆ, ಎರಡು ಅರ್ತ್‌ಗಳ ಕೊಂಡಿಯನ್ನು ಕಡಿಯುತ್ತದೆ. ಸದ್ದು ಹೋಗುತ್ತದೆ, ನಿಜ. ಅಗ್ಗದ್ದಾದರೆ ಕೆಳಗಿನ ಬೇಸನ್ನೂ ಜೊತೆಗೆ ಕೊಂಡೊಯ್ಯುತ್ತದೆ. ಬೇಸ್‌ಗಾಗಿಯೇ ಆಂಪ್ ಹಾಕಿದವನು ನಾನು.

ಬದಲಿಗೆ ಹೆಡ್ ಯೂನಿಟ್ಟನ್ನೇ ಆಟದಿಂದ ಹೊರಗಿಟ್ಟೆ. ನನ್ನ ಫೋನನ್ನು, ಚಾರ್ಜಿಗೆ ಹಾಕದೆ, ಹೆಡ್‌ಫೋನ್ ತೂತಿನಿಂದ ಆರ್‌ಸಿಎ ಕೇಬಲ್ಲಿಗೆ ಸೇರಿಸಿದೆ. ಫೋನಿಗೆ ಅದರದೇ ಬ್ಯಾಟರಿ, ಕಾರಿನ ಬಾಡಿಗೂ ಅದಕ್ಕೂ ಸಂಬಂಧವಿಲ್ಲ. ಹಾಡು ಹಾಕಿದೆ, ತಮ್ಮ ರೇಸ್ ಕೊಟ್ಟ. ಪೂರ್ತಿ ಶುಭ್ರ. ಆಮೇಲೆ ಹಿಂದಿನ ಪರೀಕ್ಷೆಯನ್ನೇ ಮತ್ತೆ ಮಾಡಿದೆ, ಕೇಬಲ್ಲಿನ ಬಳೆಯನ್ನು ಹೆಡ್ ಯೂನಿಟ್‌ನ ಮೈಗೆ ಮುಟ್ಟಿಸಿದೆ. ಈಗ ಕುಂಯ್ ಇಲ್ಲ. ಚುಚ್ಚಿದರೆ ಮಾತ್ರ ಇದೆ! ಅಂದರೆ ಹೆಡ್ ಯೂನಿಟ್‌ನ ಮೈ ಬೇರೆ, ಅದರ ಆರ್‌ಸಿಎ ಸಾಕೆಟ್ಟಿನ ಬಳೆ ಬೇರೆ ಆಗಿಬಿಟ್ಟಿವೆಯಾ?

ಎಲ್ಲ ಬಿಡಿಸಿ ಮೀಟರನ್ನು ಬೀಪ್‌ಗೆ ಇಟ್ಟೆ. ಒಂದು ಪ್ರೋಬ್ ಹೆಡ್ ಯೂನಿಟ್‌ನ ಲೋಹದ ಮೈಗೆ, ಇನ್ನೊಂದು ಆರ್‌ಸಿಎ ಸಾಕೆಟ್ಟಿನ ಹೊರ ಬಳೆಗೆ. ಎರಡೂ ಒಳಗೆ ಸೇರಿದ್ದರೆ ಬೀಪ್ ಅನ್ನಬೇಕಿತ್ತು, ಅನ್ನಲಿಲ್ಲ. ಕೆಲವು ಹೆಡ್ ಯೂನಿಟ್‌ಗಳಲ್ಲಿ ಈ ಬಳೆಗೂ ಅರ್ತ್‌ಗೂ ನಡುವೆ ಕೂದಲಿನಂಥ ಒಂದು ಫ್ಯೂಸ್ ಇರುತ್ತದೆ, ಇಲ್ಲವೇ ಬೋರ್ಡಿನ ಮೇಲೆ ತೆಳ್ಳನೆಯ ತಾಮ್ರದ ಗೆರೆ. ಜಾಸ್ತಿ ಕರೆಂಟ್ ಹರಿದರೆ ಸುಟ್ಟುಹೋಗುತ್ತದೆ. ಸುಟ್ಟ ಮೇಲೂ ಹಾಡು ಬರುತ್ತದೆ, ಅದೇ ಫಜೀತಿ. ಸಿಗ್ನಲ್ಲಿನ ವಾಪಸ್ ದಾರಿ ಕಾರಿನ ಬಾಡಿಯನ್ನು ಸುತ್ತಿಕೊಂಡು ಬರುತ್ತದೆ, ಬರುವಾಗ ಆಲ್ಟರ್ನೇಟರನ್ನೂ ಕರೆದುಕೊಂಡು ಬರುತ್ತದೆ.

ಅಷ್ಟು ಕರೆಂಟ್ ಯಾವಾಗ ಹರಿಯಿತು? ಮೊದಲ ದಿನ, ಆ ಸಡಿಲ ನಟ್ಟು. ಆಂಪ್‌ಗೆ ಪ್ಲಸ್ ಬಂದಿತ್ತು, ಅರ್ತ್ ಇರಲಿಲ್ಲ. ಅದು ಆರ್‌ಸಿಎಯ ಜಾಲರಿಯನ್ನೇ ಅರ್ತ್ ಮಾಡಿಕೊಂಡು ಆನ್ ಆಗಲು ನೋಡಿತು. ಒಮ್ಮೆ ಹತ್ತಿ ಆರಿದ ಆ ದೀಪ, ಫ್ಯೂಸ್ ಹೋದ ಗಳಿಗೆ. ಅಂದಿನಿಂದ ನಾನು ಆಂಪ್‌ನ ಅರ್ತನ್ನು ಎಲ್ಲಕ್ಕಿಂತ ಮೊದಲು ಹಾಕುತ್ತೇನೆ, ಎಲ್ಲಕ್ಕಿಂತ ಕೊನೆಗೆ ತೆಗೆಯುತ್ತೇನೆ. ಆನ್ ಇರುವಾಗ ಆರ್‌ಸಿಎ ಮುಟ್ಟುವುದೂ ಇಲ್ಲ.

ಬೋರ್ಡಿನ ಮೇಲೆ ಸಾಸಿವೆ ಕಾಳಿಗಿಂತ ಸಣ್ಣದಿರುವ ಫ್ಯೂಸನ್ನು ಬದಲಿಸುವ ಕೈ ನನ್ನದಲ್ಲ. ಒಂದು ತಾಮ್ರದ ವೈರಿನ ತುದಿ ಸುಲಿದು, ಆರ್‌ಸಿಎ ಪಿನ್ನಿನ ಹೊರ ಬಳೆಗೆ ಎರಡು ಸುತ್ತು ಸುತ್ತಿ, ಇನ್ನೊಂದು ತುದಿಯನ್ನು ಹೆಡ್ ಯೂನಿಟ್‌ನ ಹಿಂದಿನ ಸ್ಕ್ರೂಗೆ ಬಿಗಿದೆ. ಸ್ಟಾರ್ಟ್ ಮಾಡಿದೆ. ರೇಸ್ ಕೊಟ್ಟೆ. ಇನ್ನೂ ಕೊಟ್ಟೆ. ಎಂಜಿನ್ ಸದ್ದು ಬಾನೆಟ್ ಕೆಳಗಿನಿಂದ ಮಾತ್ರ ಬರುತ್ತಿತ್ತು.

ಉಳಿದದ್ದು 'ಶ್' ಅನ್ನುವ ಸಣ್ಣ ಸದ್ದು. ಅದಕ್ಕೆ ಕಾರಣ ಗೇನ್. ಜಾಸ್ತಿ ಸೌಂಡ್ ಬರಲಿ ಅಂತ ಅದನ್ನು ಮುಕ್ಕಾಲಿಗೆ ಏರಿಸಿಟ್ಟಿದ್ದೆ. ಗೇನ್ ವಾಲ್ಯೂಮ್ ಅಲ್ಲ, ಹೆಡ್ ಯೂನಿಟ್ ಕೊಡುವ ಸಿಗ್ನಲ್ಲಿಗೆ ಆಂಪನ್ನು ಹೊಂದಿಸುವ ತಿರುಪು. ಪೂರ್ತಿ ಇಳಿಸಿ, ಹೆಡ್ ಯೂನಿಟ್ಟನ್ನು ಮುಕ್ಕಾಲು ವಾಲ್ಯೂಮಿಗೆ ಇಟ್ಟು, ಹಾಡು ಒಡೆಯುವ ಮೊದಲು ನಿಲ್ಲಿಸಿದೆ. ಆ ಸದ್ದೂ ಹೋಯಿತು.

ಒಂದು ವಾರದ ಮೇಲೆ ತಮ್ಮ ಫೋನ್ ಮಾಡಿ 'ಅಣ್ಣಾ, ಮತ್ತೆ ಶುರುವಾಯ್ತು' ಅಂದ. ನನ್ನ ಎದೆ ಧಸಕ್ಕೆಂದಿತು. ಹೋಗಿ ನೋಡಿದರೆ ಫೋನನ್ನು ಸಿಗರೇಟ್ ಲೈಟರ್ ಚಾರ್ಜರಿಗೂ ಹಾಕಿದ್ದಾನೆ, ಆಕ್ಸ್ ಕೇಬಲ್ಲಿಗೂ ಹಾಕಿದ್ದಾನೆ. ಇದೂ ಗ್ರೌಂಡ್ ಲೂಪೇ, ಸಣ್ಣದು. ಚಾರ್ಜರ್ ಕಿತ್ತರೆ ಸದ್ದಿಲ್ಲ. ವಾಲ್ಯೂಮ್ ಜೊತೆ ಇದು ಏರಿಳಿಯುತ್ತಿತ್ತು ಕೂಡ. ಬ್ಲೂಟೂತ್‌ನಲ್ಲಿ ಕೇಳು ಅಂದೆ. ಅಲ್ಲಿಗೆ ಮುಗಿಯಿತು.

ಮೊದಲ ವಾರ ತಂದ ಆ ನಾಯ್ಸ್ ಫಿಲ್ಟರ್ ಇನ್ನೂ ಡ್ಯಾಶ್‌ಬೋರ್ಡ್ ಹಿಂದೆಯೇ ಇದೆ. ತೆಗೆಯಬೇಕು ಅಂದರೆ ಮತ್ತೆ ಅದೇ ಕ್ಲಿಪ್‌ಗಳಿಗೆ ಕೈ ಹಾಕಬೇಕು, ಅಲ್ವಾ? ಇರಲಿ ಬಿಡಿ.